ಮೊನ್ನೆ ಬಂದವರು

ಹಾವೇರಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಪುಕ್ಕಟೆ ಟಿಕೀಟನ್ನು ಪ್ರೇಮವ್ವ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಬಹಳ ದಿನಗಳಾಗಿದ್ದರೂ ಅವಳಿಗೆ ಈ ಟಿಕೀಟಿನ ಮೇಲೆ ಇನ್ನೂ ನಂಬಿಕೆ ಹುಟ್ಟಿರಲಿಲ್ಲ. ಕೊಡುವವರಿಗೆ ಏನೋ ಬೇಕಾಗಿರುತ್ತದೆ, ಇವತ್ತು ಕೇಳದಿದ್ದರೆ ನಾಳೆ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಪಕ್ಕದಲ್ಲಿ ಕುಳಿತಿದ್ದ ಕುಲ್ಸುಮಬಿ ಬಸ್ಸು ಬ್ಯಾಡಗಿ ಬಿಟ್ಟಾಗಿನಿಂದ ಒಂದೇ ಒಂದು ಮಾತು ಆಡಿರಲಿಲ್ಲ. ಅವಳು ಮಾತಾಡಿದ್ದರೆ ಇವತ್ತೇ ಯಾಕೆ ಇಷ್ಟು ಮಾತಾಡುತ್ತಿದ್ದಾಳೆ ಎಂದು ಪ್ರೇಮವ್ವ ಯೋಚಿಸುತ್ತಿದ್ದಳು. ಮಾತಾಡದ್ದರಿಂದ, ಇವಳಿಗೆ ಯಾರೋ ಹೇಳಿಬಿಟ್ಟಿದ್ದಾರೆ ಎಂದು ಯೋಚಿಸುತ್ತಿದ್ದಳು. ಯಾರು ಹೇಳಿರಬಹುದು? ಆ ದಿನ ತಾನು ಆ ಮಾತು ಆಡಿದಾಗ ನೆರೆಯವರು ಯಾರೂ ಹತ್ತಿರ ಇರಲಿಲ್ಲ. ಬಾಜೂ ಮನೆಯ ಕೊಟ್ರಪ್ಪ ತನ್ನ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ, ಆದರೆ ಅವನಿಗೆ ಕಿವಿ ಮಂದ. ಕಿವಿ ಮಂದ ಎಂದು ಅವನೇ ಹೇಳಿಕೊಂಡು ತಿರುಗುತ್ತಾನೆ, ಪರೀಕ್ಷೆ ಮಾಡಿ ನೋಡಿದವರು ಯಾರು?

ಇಬ್ಬರೂ ಬ್ಯಾಡಗಿಯಲ್ಲಿ, ಬೀಗ ಬಿದ್ದ ಒಂದು ಮೆಣಸಿನಕಾಯಿ ಗೋದಾಮಿನ ಹಿಂದಿನ ಚಾಳದಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳುವೆ ಮಾಡಿದವರು. ಸಾಲಿನ ಕೊನೆಯ ಖೋಲಿ ಕುಲ್ಸುಮಬಿಯದು, ಅದಕ್ಕೆ ಹತ್ತಿಕೊಂಡದ್ದು ಪ್ರೇಮವ್ವನದು, ಆಮೇಲೆ ಕೊಟ್ರಪ್ಪನದು. ಸುಗ್ಗಿಯಲ್ಲಿ ಇಬ್ಬರೂ ಒಂದೇ ರಾಶಿಯ ಮುಂದೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು, ಒಟ್ಟಿಗೆ ಕೆಮ್ಮುತ್ತಿದ್ದರು, ಸಂಜೆ ಉರಿಯುವ ಕೈಗೆ ಒಂದೇ ಬಟ್ಟಲಿನಿಂದ ಎಣ್ಣೆ ಸವರಿಕೊಳ್ಳುತ್ತಿದ್ದರು. ಬಾಡಿಗೆ ಹಾವೇರಿಯ ರಘೋತ್ತಮರಾಯರ ಮನೆಗೆ ಹೋಗುತ್ತಿತ್ತು. ಈಗ ನೋಡಿದರೆ ಆ ಜಾಗ ರಾಯರದೇ ಅಲ್ಲವಂತೆ, ಸರಕಾರದ್ದಂತೆ, ಅವರ ಅಜ್ಜ ಗೋದಾಮಿಗೆಂದು ಲೀಜಿಗೆ ಹಿಡಿದದ್ದಂತೆ, ಆ ಲೀಜು ಯಾವ ಕಾಲದಲ್ಲೋ ಮುಗಿದುಹೋಗಿದೆಯಂತೆ. ಮೊದಲಿನಿಂದ ಇದ್ದವರು ಯಾರೆಂದು ಗೊತ್ತಾದರೆ ಅವರವರ ಖೋಲಿ ಅವರವರ ಹೆಸರಿಗೇ ಆಗುತ್ತದೆ, ಹಕ್ಕುಪತ್ರ ಸಿಗುತ್ತದೆ. ಮೊದಲಿನಿಂದ ಇದ್ದೇವೆಂದು ತೋರಿಸಲಾಗದವರು ಬಿಟ್ಟುಹೋಗಬೇಕು. ತೋರಿಸುವುದಾದರೂ ಹೇಗೆ? ಬಾಡಿಗೆಗೆ ಎಂದೂ ಪಾವತಿ ಚೀಟಿ ಕೊಟ್ಟಿರಲಿಲ್ಲ. ಆದ್ದರಿಂದ ಬಾಜೂ ಮನೆಯವರ ಮಾತೇ ಸಾಕ್ಷಿ. ಇವತ್ತು ಹಾವೇರಿಯ ಆಫೀಸಿನಲ್ಲಿ ಪ್ರೇಮವ್ವನ ಪರವಾಗಿ ಕುಲ್ಸುಮಬಿ ಹೇಳಬೇಕು, ಕುಲ್ಸುಮಬಿಯ ಪರವಾಗಿ ಪ್ರೇಮವ್ವ ಹೇಳಬೇಕು. ಕೊನೆಯ ಖೋಲಿಯಾದ್ದರಿಂದ ಕುಲ್ಸುಮಬಿಗೆ ಹೇಳುವವರು ಬೇರೆ ಯಾರೂ ಇಲ್ಲ.

ಇದನ್ನೆಲ್ಲ ಹೊತ್ತುಕೊಂಡು ಬಂದವಳು ರಾಣೆಬೆನ್ನೂರಿನ ಭುವನಾ. ಯಾವುದೋ ಸಂಸ್ಥೆಯವಳು, ಸ್ಕೂಟಿ, ಬೆನ್ನಿಗೊಂದು ಚೀಲ, ಕಾಲಿಗೆ ಗಂಡಸರ ಬೂಟು. ಮೊದಲ ದಿನವೇ ಪ್ರೇಮವ್ವ ಅವಳನ್ನು ತೂಗಿ ನೋಡಿದ್ದಳು. ಚಹಾ ಕೊಟ್ಟರೆ ಕುಡಿಯಲಿಲ್ಲ, ಹಣ ಕೇಳಲಿಲ್ಲ, ವೋಟು ಕೇಳಲಿಲ್ಲ. ಮನೆಗೆ ಬಂದು ಚಹಾ ಕುಡಿಯದವರನ್ನು ಹೇಗೆ ನಂಬುವುದು? ಋಣ ಬೇಡವೆನ್ನುವವರು ಆಮೇಲೆ ಏನಾದರೂ ಮಾಡಲು ಕೈ ಖಾಲಿ ಇಟ್ಟುಕೊಂಡಿರುತ್ತಾರೆ. "ನನಗ ಚಹಾ ಆಗಂಗಿಲ್ರಿ ಪ್ರೇಮಕ್ಕ, ಎದಿ ಉರೀತೈತಿ" ಎಂದಿದ್ದಳು ಭುವನಾ. ಪ್ರೇಮವ್ವ ಹೂಂ ಎಂದಳು, ಅವಳು ಹೋದ ಮೇಲೆ ಕುಲ್ಸುಮಬಿಗೆ ಹೇಳಿದಳು: "ಎದಿ ಉರೀತೈತಂತ. ಮೆಣಸಿನಕಾಯಾಗ ಕುಂತ ನಮ್ಮ ಎದಿ ಉರಿಯೂದಿಲ್ಲ, ಸ್ಕೂಟಿ ಮ್ಯಾಲ ಕುಂತಾಕಿಗೆ ಉರೀತೈತಿ." ಇಬ್ಬರೂ ನಕ್ಕಿದ್ದರು. ಆಮೇಲೆ ಕುಲ್ಸುಮಬಿ ನಗು ನಿಲ್ಲಿಸಿ, "ಆದ್ರೂ ಮನಿ ನಮ್ಮ ಹೆಸರಿಗೆ ಆದ್ರ ಛಲೋನ ಅಲ್ಲೇನ ಪ್ರೇಮಾ?" ಎಂದಿದ್ದಳು, ಬಹಳ ಮೆಲ್ಲಗೆ. ಬಸ್ಸು ಮೋಟೆಬೆನ್ನೂರು ದಾಟಿ ದೊಡ್ಡ ರಸ್ತೆಗೆ ಹತ್ತಿದಾಗ ಪ್ರೇಮವ್ವನಿಗೆ ಆ ಮಾತು ಮತ್ತೆ ಕೇಳಿಸಿದಂತಾಗಿ ತಿರುಗಿ ನೋಡಿದಳು. ಕುಲ್ಸುಮಬಿ ಕಣ್ಣು ಮುಚ್ಚಿಕೊಂಡಿದ್ದಳು.

ರಾಯರ ತಾಯಿ ಕಾಶೀಬಾಯಾರು ಇದ್ದಾಗ ತಿಂಗಳಿಗೊಮ್ಮೆ ಅವರೇ ಬರುತ್ತಿದ್ದರು. ಹೊಸ್ತಿಲು ದಾಟುತ್ತಿರಲಿಲ್ಲ, ಆದರೆ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಒಂದೇ ಮಾತು ಅವರದು. "ಮುನಸಿಪಾಲ್ಟಿಯವರು ಬರಲಿ, ಜನಗಣತಿಯವರು ಬರಲಿ, ಯಾರ ಬಂದ್ರೂ ಏನ ಹೇಳಬೇಕು? ನಾವು ಮೊನ್ನೆ ಬಂದವರು, ಸೀಜನ್ ಮುಗಿದ ಮ್ಯಾಲ ಹೋಗ್ತೇವಿ, ಅಂತ. ಇಲ್ಲಾಂದ್ರ ನಿಮಗೂ ತ್ರಾಸು, ನಮಗೂ ತ್ರಾಸು." ತ್ರಾಸು ಏನೆಂದು ಯಾರೂ ಕೇಳಲಿಲ್ಲ. ಚಾಳದ ಮಕ್ಕಳು ಅಪ್ಪ ಅವ್ವ ಎಂದ ಹಾಗೆಯೇ ಮೊನ್ನೆ ಬಂದೇವ್ರಿ ಎನ್ನುವುದನ್ನೂ ಕಲಿತವು. ಪೋಲಿಯೊ ಹನಿ ಹಾಕುವವರಿಗೂ ಅದೇ, ದಾರಿ ತಪ್ಪಿ ಬಂದ ಪೋಸ್ಟಿನವನಿಗೂ ಅದೇ. ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ಪ್ರೇಮವ್ವ. ಸೆರಗು ತಲೆಯ ಮೇಲೆ ಎಳೆದುಕೊಂಡು, ಸ್ವಲ್ಪ ಪೆದ್ದು ಮುಖ ಮಾಡಿ, ಊರಿನ ಹೆಸರೂ ನೆನಪಾಗದವಳಂತೆ ಹೇಳುತ್ತಿದ್ದಳು. ಬಂದವರು ಎರಡನೇ ಪ್ರಶ್ನೆ ಕೇಳದೆ ಹೋಗುತ್ತಿದ್ದರು. "ಪ್ರೇಮವ್ವನ್ನ ನೋಡಿ ಕಲೀರಿ" ಎಂದು ಕಾಶೀಬಾಯಾರು ಎಲ್ಲರ ಮುಂದೆ ಹೇಳಿದ ದಿನ ಅವಳಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಗಿತ್ತು. ಒಮ್ಮೆ ಮಗಳು ಪುಷ್ಪಲತಾ, ಎರಡನೇ ತರಗತಿಯಲ್ಲೋ ಮೂರನೇ ತರಗತಿಯಲ್ಲೋ ಇದ್ದಾಗ, ಶಾಲೆಯಲ್ಲಿ ಕಲಿಸುವ ಬಾಯಾರು ಕೇಳಿದ್ದಕ್ಕೆ "ನಾ ಇದ ಖೋಲ್ಯಾಗ ಹುಟ್ಟೇನ್ರಿ" ಎಂದುಬಿಟ್ಟಿತು. ಸುದ್ದಿ ಹಾವೇರಿಗೆ ಹೇಗೆ ಮುಟ್ಟಿತೋ ಏನೋ. ಮುಂದಿನ ತಿಂಗಳು ಕಾಶೀಬಾಯಾರು ಪ್ರೇಮವ್ವನ ಬಾಗಿಲು ಬಂದಾಗ ಮುಖ ಬೇರೆ ಕಡೆ ಮಾಡಿ ಮುಂದೆ ನಡೆದರು. ಆ ಮಳೆಗಾಲ ಎಲ್ಲರ ಹಂಚು ಬದಲಿಸಿದರು, ಇವಳದ್ದೊಂದು ಬಿಟ್ಟು. ಸೋರುವ ನೀರಿನ ಕೆಳಗೆ ಪಾತೇಲಿ ಇಡುತ್ತ ಪ್ರೇಮವ್ವ ಮಗಳ ಬೆನ್ನಿಗೆ ಎರಡು ಬಿಟ್ಟಿದ್ದಳು. ಖರೇ ಮಾತಾಡಿದ್ದಕ್ಕೆ ಹೊಡೆದೆ ಎಂಬುದು ಆಗ ಹೊಳೆದಿರಲಿಲ್ಲ, ಈಗ ಹೊಳೆದು ಏನೂ ಪ್ರಯೋಜನವಿಲ್ಲ. ಮಗಳನ್ನು ಕದರಮಂಡಲಗಿಗೆ ಕೊಟ್ಟು ಅವಳಿಗೇ ಮಕ್ಕಳಾಗಿವೆ.

ಹಕ್ಕುಪತ್ರಕ್ಕೆಂದು ಸರಕಾರದವರು ಖೋಲಿಗಳ ಅಳತೆಗೆ ಬಂದ ದಿನ ಕುಲ್ಸುಮಬಿ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ರಾಣೆಬೆನ್ನೂರಿಗೆ ಹೋಗಿದ್ದಳು, ಬೀಗ ಹಾಕಿತ್ತು. ಪ್ರೇಮವ್ವ ಕೊಡ ಹೊತ್ತುಕೊಂಡು ನಲ್ಲಿಯಿಂದ ಬರುತ್ತಿದ್ದಳು. ಗೇಟಿನ ಹತ್ತಿರ ಒಂದು ಬಿಳಿ ಕಾರು ನಿಂತಿತ್ತು, ರಾಯರದೂ ಬಿಳಿ ಕಾರೇ. ಕುಲ್ಸುಮಬಿಯ ಬೀಗದ ಮುಂದೆ ಫೋನು ಹಿಡಿದು ನಿಂತವನು ಸರ್ವೆಯ ಸಿದ್ದಲಿಂಗೇಶ ಎಂಬುದು ಆಮೇಲೆ ತಿಳಿದದ್ದು, ಆಗ ಅವನೊಬ್ಬ ಇಸ್ತ್ರಿ ಅಂಗಿಯ ಮನುಷ್ಯ ಅಷ್ಟೇ. "ಅವ್ವಾರ, ಈ ಖೋಲ್ಯಾಗ ಯಾರ ಇರ್ತಾರ?" ಎಂದು ಕೇಳಿದ. ಬಹಳ ಮರ್ಯಾದೆಯಿಂದ ಕೇಳಿದ, ಅದೇ ಅವಳನ್ನು ಎಚ್ಚರಿಸಿದ್ದು. ರಾಯರು ಪರೀಕ್ಷೆಗೆ ಕಳಿಸಿದವನು, ಭುವನಾಳ ಮಾತು ಕೇಳಿ ಬಾಡಿಗೆಯವರು ಬದಲಾದರೋ ಎಂದು ನೋಡಲು ಬಂದವನೇ ಇರಬೇಕು ಎನಿಸಿತು. ಕೊಡ ಇಳಿಸುವುದಕ್ಕಿಂತ ಮೊದಲೇ ಮಾತು ಹೊರಗೆ ಬಂದಿತ್ತು. "ಯಾರೋ ಸೀಜನ್ನಿನವರ್ರಿ. ಮೊನ್ನೆ ಬಂದಿದ್ರು, ಹೋದ್ರು." ಅವನು ಬೀಗದ ಫೋಟೋ ತೆಗೆದುಕೊಂಡ, ಫೋನಿನಲ್ಲಿ ಏನೋ ಒತ್ತಿದ. ಅಷ್ಟರಲ್ಲಿ ಭುವನಾಳ ಸ್ಕೂಟಿ ಬಂತು, ಅವಳು ಆ ಮನುಷ್ಯನಿಗೆ ಸರ್ ಎಂದು ನಮಸ್ಕಾರ ಮಾಡಿದಳು, ಇವರೇ ಅಳತೆಯವರು ಪ್ರೇಮಕ್ಕ ಎಂದಳು. ಆಗ ಪ್ರೇಮವ್ವ ಕೊಡ ಇಳಿಸಿ, ಸೆರಗು ಸರಿ ಮಾಡಿಕೊಂಡು, ತನ್ನ ಬಾಗಿಲ ಮುಂದೆ ನೆಟ್ಟಗೆ ನಿಂತು ಫೋಟೋ ತೆಗೆಸಿಕೊಂಡಳು. "ಲಗ್ನ ಆಗಿ ಬಂದಾಗಿಂದ ಇಲ್ಲೇ ಅದೇನ್ರಿ" ಎಂದಳು. ತನ್ನ ವಿಷಯಕ್ಕೆ ಖರೇ, ಕುಲ್ಸುಮಬಿಯ ವಿಷಯಕ್ಕೆ ಸುಳ್ಳು. ನಡುವೆ ಒಂದು ಕೊಡ ನೀರು ಇಳಿಸುವಷ್ಟು ಹೊತ್ತು.

ಆಗಲೇ ಹೇಳಬಹುದಿತ್ತು. ತಪ್ಪಾತ್ರಿ, ಆ ಖೋಲ್ಯಾಗ ಕುಲ್ಸುಮಬಿ ಇರ್ತಾಳ, ನಾ ಬರೂದಕ್ಕಿಂತ ಮೊದಲಿಂದ, ಎಂದು. ಹೇಳಿದ್ದರೆ ಅವನು, ಹಂಗಾದ್ರ ಮೊದಲ ಯಾಕ ಸುಳ್ಳ ಹೇಳಿದ್ರಿ, ಈಗ ನಿಮ್ಮ ಬಗ್ಗೆ ಹೇಳಿದ್ದು ಖರೇ ಹೆಂಗ, ಎಂದು ಕೇಳಿಯೇ ಕೇಳುತ್ತಿದ್ದ. ಅದಕ್ಕೆ ಸುಮ್ಮನಾದೆ ಎಂದು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಆದರೆ ಇನ್ನೊಂದಿದೆ. ಅಳಿಯ ದೀಪಾವಳಿಗೆ ಬಂದಾಗ ಕುಲ್ಸುಮಬಿಯ ಖೋಲಿಗೂ ಇವಳದಕ್ಕೂ ನಡುವಿನ ಗೋಡೆಯ ಮೇಲೆ ಕೈಯಿಟ್ಟು, "ಅತ್ತೀ, ಇದೊಂದ ಇರಲಿಲ್ಲಾಂದ್ರ ದೊಡ್ಡ ಪಡಸಾಲಿ ಆಕ್ಕಿತ್ತು ನೋಡ್ರಿ" ಎಂದು ತಮಾಷೆ ಮಾಡಿದ್ದ. ಅಳತೆಯ ದಿನ ಸಂಜೆ ಒಲೆಯ ಮುಂದೆ ಕುಳಿತಾಗ ಆ ಮಾತು ನೆನಪಾಗಿ ಪ್ರೇಮವ್ವ ಗೋಡೆಯನ್ನು ನೋಡಿದ್ದಳು. ಸಂಜೆ ನೆನಪಾದದ್ದು, ಬೆಳಿಗ್ಗೆ ಅಲ್ಲ. ದೇವರಾಣೆ ಸಂಜೆಯೇ. ಆದರೆ ಬೆಳಿಗ್ಗೆ ಅದು ಎಲ್ಲೋ ಒಳಗೆ ಕುಳಿತಿರಲಿಲ್ಲ ಎಂದು ಹೇಗೆ ಹೇಳುವುದು? ಊರ ಮಂದಿಯ ಮನಸ್ಸಿನಲ್ಲಿ ಏನಿದೆ ಎಂದು ಕ್ಷಣದಲ್ಲಿ ಹೇಳಬಲ್ಲ ಅವಳಿಗೆ ತನ್ನದು ಮಾತ್ರ ಗೊತ್ತಾಗಲೊಲ್ಲದು. ಇದರಿಂದ ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಕುಲ್ಸುಮಬಿಯ ಮೇಲೆ ಸಿಟ್ಟು ಬಂತು. ಬಾಣಂತನಕ್ಕೆ ಆ ವಾರವೇ ಹೋಗಬೇಕಾಗಿತ್ತೇ? ಬೀಗದ ಕೈ ಇವಳ ಹತ್ತಿರ ಕೊಟ್ಟು ಹೋಗಿದ್ದರೆ ಒಲೆ, ಪಾತ್ರೆ, ಹಾಸಿಗೆ ಕಂಡು ಅವನೇ ತಿಳಿದುಕೊಳ್ಳುತ್ತಿದ್ದ. ಮೊದಲೆಲ್ಲ ಕೊಡುತ್ತಿದ್ದಳು, ಈ ಸಲ ಯಾಕೆ ಕೊಡಲಿಲ್ಲ?

ಆಫೀಸಿನ ಪಡಸಾಲೆಯಲ್ಲಿ ಭುವನಾ ಮೊದಲೇ ಬಂದು ಕಾಯುತ್ತಿದ್ದಳು. "ಕುಲ್ಸುಮಕ್ಕನ ಖೋಲಿ ಪಟ್ಟಿಯಾಗ ಬಂದಿಲ್ಲ, ಬೀಗ ಇತ್ತಂತ ಬಿಟ್ಟಾರ" ಎಂದಳು. "ಚಿಂತಿ ಮಾಡಬ್ಯಾಡ್ರಿ. ಇವತ್ತ ಪ್ರೇಮಕ್ಕ ಹೇಳಿದ್ರ ಸೇರಸ್ತಾರ. ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ, ಇಬ್ಬರೂ." ಬೀಗ ಇತ್ತಂತ ಬಿಟ್ಟಾರ. ಇವಳಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೋ? ಮುಚ್ಚಿಟ್ಟರೆ ಯಾಕೆ? ಪ್ರೇಮವ್ವ ಅವಳ ಮುಖ ನೋಡುತ್ತಿದ್ದಾಗಲೇ ರಘೋತ್ತಮರಾಯರು ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿರಬೇಕು, ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಏನ್ರಿ ಪ್ರೇಮವ್ವ, ಆರಾಮ ಇದ್ದೀರೇನು? ನಮ್ಮ ಅವ್ವ ಇರೋತನಕಾ ನಿಮ್ಮನ್ನ ನೆನಸ್ತಿದ್ಲು ನೋಡ್ರಿ" ಎಂದರು, ನಗುತ್ತ. ಅವಳು ತನಗೇ ಗೊತ್ತಿಲ್ಲದೆ ಎದ್ದು ನಿಂತು ಸೆರಗು ಎಳೆದುಕೊಂಡಿದ್ದಳು. ಕುಳಿತುಕೊಳ್ಳಬೇಕೆಂದು ಗೊತ್ತಿತ್ತು, ಕಾಲು ಮಡಚಲಿಲ್ಲ. ರಾಯರು ಭುವನಾಳ ಕಡೆ ತಿರುಗಿದರು. "ತಂಗಿ, ನಾ ಯಾರ ಹೊಟ್ಟೀ ಮ್ಯಾಲ ಹೊಡಿಯಾಂವ ಅಲ್ಲ. ಆದ್ರ ಅವರು ಸೀಜನ್ನಿಗೆ ಬರೋ ಮಂದಿ, ಇದನ್ನ ನಾ ಹೇಳೂದಲ್ಲ. ಕೊನೀ ಖೋಲಿಯವರು ಮೊನ್ನೆ ಬಂದು ಹೋದ್ರು ಅಂತ ಬಾಜೂ ಖೋಲಿಯವರೇ ಸರ್ವೆಯವರ ಮುಂದ ಹೇಳ್ಯಾರ. ಬರದದ್ದದ. ಕೊನೀದು ಹಂಗಾದ್ರ ಉಳದದ್ದೂ ಹಂಗ ಅಲ್ಲೇನು?" ಎಂದು, ಮತ್ತೊಮ್ಮೆ ಪ್ರೇಮವ್ವನಿಗೆ ನಕ್ಕು ಒಳಗೆ ಹೋದರು. ಆ ನಗುವಿನಲ್ಲಿ ಕೃತಜ್ಞತೆ ಇತ್ತು.

ಭುವನಾ ತಿರುಗಿ ಪ್ರೇಮವ್ವನನ್ನು ನೋಡಿದಳು. ಕುಲ್ಸುಮಬಿ ತನ್ನ ಚೀಲದ ಬಾಯಿ ಬಿಚ್ಚಿ, ಒಳಗೆ ನೋಡಿ, ಮತ್ತೆ ಕಟ್ಟಿದಳು. ಬೈದಿದ್ದರೆ ಪ್ರೇಮವ್ವನ ಹತ್ತಿರ ಉತ್ತರ ತಯಾರಿತ್ತು. ಬೈಯಲಿಲ್ಲ. ಒಳಗಿನಿಂದ ಹೆಸರು ಕೂಗಿದರು.

ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಕ್ಲಾರ್ಕು, ಎದುರಿನ ಕುರ್ಚಿಯಲ್ಲಿ ರಾಯರು. ಮೊದಲು ಪ್ರೇಮವ್ವನ ಖೋಲಿ. ಈಕೆ ಎಂದಿನಿಂದ ಅಲ್ಲಿ ಇದ್ದಾಳೆ ಎಂದು ಕುಲ್ಸುಮಬಿಯನ್ನು ಕೇಳಿದರು. ಈಗ ಬೀಳುತ್ತದೆ ಎಂದು ಪ್ರೇಮವ್ವ ಹಲ್ಲು ಕಚ್ಚಿದಳು. ತಾನಾಗಿದ್ದರೆ ಬಿಡುತ್ತಿರಲಿಲ್ಲ. ಕುಲ್ಸುಮಬಿ ಗಂಟಲು ಸರಿ ಮಾಡಿಕೊಂಡು ನಿಧಾನವಾಗಿ ಹೇಳಿದಳು. "ಲಗ್ನ ಆಗಿ ಬಂದಾಗ ಒಲೀ ಹಚ್ಚಾಕ ಬರ್ತಿರಲಿಲ್ರಿ ಈಕಿಗೆ. ಹಳ್ಯಾಗ ಕಟಗಿ ಒಲಿ, ಇಲ್ಲೆ ಹೊಟ್ಟಿನ ಒಲಿ. ನಾನ ಕಲಿಸಿದೆ. ನಡುವಿನ ಗೋಡ್ಯಾಗ ಒಂದ ಇಟ್ಟಂಗಿ ಬಿದ್ದಿತ್ತು, ಅದರಾಗಿಂದ ಕಡ್ಡಿಪೆಟಗಿ, ಪಲ್ಯಾ, ಎಲ್ಲಾ ಆ ಕಡಿ ಈ ಕಡಿ. ಈಕಿ ಗಂಡ ಹಮಾಲಿ ಮಾಡತಿದ್ದ. ಚೀಲ ಹೊರೂವಾಗ ಬಿದ್ದು ಸತ್ತ. ಆ ದಿನಾ ಹೆಣಾ ಇಳಿಸಿದ್ದು ನನ್ನ ಬಾಗಲದಾಗ್ರಿ, ಈಕಿ ಬಾಗಲದಾಗ ಜಾಗಾ ಸಾಲಲಿಲ್ಲ." ಕ್ಲಾರ್ಕು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ರಾಯರು ಕಿಟಕಿಯ ಹೊರಗೆ ನೋಡಿದರು. ಪ್ರೇಮವ್ವನ ಕಣ್ಣಲ್ಲಿ ನೀರು ಬಂತು, ಬಂದದ್ದರ ಜೊತೆಗೇ ಅನುಮಾನವೂ ಬಂತು. ಯಾಕೆ ಹೇಳುತ್ತಿದ್ದಾಳೆ? ಇಷ್ಟು ಗೊತ್ತಾದ ಮೇಲೆ ಯಾರು ಹೀಗೆ ಹೇಳುತ್ತಾರೆ? ಭಾರ ಹೊರಿಸುತ್ತಿದ್ದಾಳೆ, ಎಲ್ಲರ ಮುಂದೆ ನನ್ನನ್ನು ಸಣ್ಣವಳನ್ನಾಗಿ ಮಾಡುತ್ತಿದ್ದಾಳೆ, ಆಮೇಲೆ ಜೀವಮಾನವಿಡೀ ಗೋಡೆಯ ಆ ಕಡೆ ಕುಳಿತು ಇದನ್ನೇ ನೆನಪಿಸುತ್ತಾಳೆ.

"ಈಗ ನೀವು ಹೇಳ್ರಿ" ಎಂದರು ಸಾಹೇಬರು. "ಈ ಕುಲ್ಸುಮಬಿ ಅನ್ನೋರು ಯಾವಾಗಿಂದ ಅದಾರ? ಸರ್ವೆಯವರಿಗೆ ನೀವು ಹೇಳಿದ್ದು ಇಲ್ಲಿ ಐತಿ." ಭುವನಾ ಬಾಗಿಲಲ್ಲಿ ನಿಂತಿದ್ದಳು. ದಾರಿ ಇತ್ತು, ಪ್ರೇಮವ್ವನಿಗೆ ಅದು ಸ್ಪಷ್ಟವಾಗಿ ಕಂಡಿತು. ಯಾವ ಖೋಲಿ ಕೇಳಿದರೋ ತಿಳಿಯಲಿಲ್ರಿ, ಗಡಿಬಿಡಿಯಾಗ ಹೇಳಿದೆ, ಎಂದರೆ ಇಬ್ಬರದೂ ಉಳಿಯುತ್ತಿತ್ತು. ಪೆದ್ದು ಮುಖ ಅವಳಿಗೆ ರೂಢಿಯದೇ. ಅವಳು ಸೆರಗು ಎಳೆದುಕೊಂಡಳು, ತುಟಿ ಸ್ವಲ್ಪ ಸಡಿಲ ಬಿಟ್ಟಳು, ಮುಖ ತಾನೇ ತಾನಾಗಿ ಹಳೆಯ ಅಚ್ಚಿಗೆ ಇಳಿಯಿತು. ರಾಯರು ಅದನ್ನು ಗುರುತು ಹಿಡಿದರು. ಅವರ ಕಣ್ಣಲ್ಲಿ ತಾಯಿಯ ಮೆಚ್ಚುಗೆಯೇ ಕಂಡಂತಾಗಿ ಪ್ರೇಮವ್ವನಿಗೆ ಮೈಯೆಲ್ಲ ಉರಿಯಿತು, ಸುಗ್ಗಿಯಲ್ಲಿ ಮರೆತು ಕಣ್ಣಿಗೆ ಕೈ ಹಚ್ಚಿಕೊಂಡಾಗ ಉರಿದಂತೆ. "ನಾ ಬರೂದಕ್ಕಿಂತ ಮೊದಲಿಂದ ಅದಾಳ್ರಿ" ಎಂದಳು. ಧ್ವನಿ ಬೇಕಾದದ್ದಕ್ಕಿಂತ ದೊಡ್ಡದಾಯಿತು. "ಅವತ್ತ ಸುಳ್ಳ ಹೇಳಿದೆ. ಗೊತ್ತಿದ್ದ ಹೇಳಿದೆ."

"ತಿಳೀದ ಹೇಳಿದ್ದೇನು, ಗೊತ್ತಿದ್ದ ಹೇಳಿದ್ದೇನು?" ಎಂದು ಸಾಹೇಬರು ಇನ್ನೊಮ್ಮೆ ಅವಕಾಶ ಕೊಟ್ಟರು.

"ಗೊತ್ತಿದ್ದ ಹೇಳೇನ್ರಿ."

ಅದರ ಮುಂದಿನದು ಬೇಗ ಮುಗಿಯಿತು. ತನಗೇ ನಷ್ಟವಾಗುವಂಥ ಮಾತನ್ನು ಯಾರೂ ಸುಳ್ಳು ಹೇಳುವುದಿಲ್ಲ ಎಂದು ಸಾಹೇಬರು ಕೊನೆಯ ಖೋಲಿಯನ್ನು ಪಟ್ಟಿಗೆ ಸೇರಿಸಿದರು. ಪ್ರೇಮವ್ವನದನ್ನು ಅಂಥ ಅವಸರದಲ್ಲಿ ಬರೆಯಲು ಬರುವುದಿಲ್ಲ ಎಂದರು ಸಾಹೇಬರು. ಸುಳ್ಳು ಹೇಳಿದ್ದೇನೆಂದು ತಾನೇ ಒಪ್ಪಿಕೊಂಡವಳು ತನ್ನ ಬಗ್ಗೆ ಹೇಳಿದ್ದನ್ನು ಬೇರೆ ರೀತಿಯಲ್ಲಿ ಪರಿಶೀಲಿಸಬೇಕಾಗುತ್ತದೆ, ಮತ್ತೊಮ್ಮೆ ಕರೆಯುತ್ತೇವೆ. ಯಾವಾಗ ಎಂದು ಭುವನಾ ಕೇಳಿದ್ದಕ್ಕೆ ತಿಳಿಸುತ್ತೇವೆ ಎಂದರು. ರಾಯರು ಏಳುವಾಗ ಈ ಸಲ ಪ್ರೇಮವ್ವನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ ಭುವನಾ ಅವಳ ಕೈ ಹಿಡಿದುಕೊಂಡು, "ಕೇಳಿದ್ದಕ್ಕಷ್ಟ ಹೇಳ್ರಿ ಅಂದಿದ್ದೆ ಪ್ರೇಮಕ್ಕ. ಇರಲಿ. ಮಗಳ ಶಾಲೀ ದಾಖಲೆ ಸಿಗತಾವೇನ ನೋಡೂಣ, ಬಿಡೂದಿಲ್ಲ ನಾನು" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಆಮೇಲೆ ಬೇರೆಯವರ ಕೆಲಸಕ್ಕೆಂದು ಮತ್ತೆ ಒಳಗೆ ಓಡಿದಳು.

ಆಫೀಸಿನ ಕಾಂಪೌಂಡಿನ ನೆರಳಿನಲ್ಲಿ ಇಬ್ಬರೇ ಉಳಿದರು. ರಸ್ತೆಯ ಆಚೆ ಯಾರೋ ಕಬ್ಬಿನ ಹಾಲಿನ ಗಾಣ ತಿರುಗಿಸುತ್ತಿದ್ದರು. ಪ್ರೇಮವ್ವನಿಗೆ ತನ್ನ ಖೋಲಿ ನೆನಪಾಯಿತು, ನೆನಪಾದ ಕೂಡಲೇ ಅದು ಕೈಬಿಟ್ಟು ಹೋಗಬಹುದು ಎಂಬುದೂ ಪೂರ್ತಿಯಾಗಿ ತಿಳಿದು, ಕಟ್ಟೆಯ ಮೇಲೆ ಕುಳಿತಳು. ಭಯವಾಯಿತು. ಆದರೂ ಒಳಗೆ ಎಲ್ಲೋ ಹಗುರಾಗಿತ್ತು, ಅದನ್ನು ಯಾರಿಗಾದರೂ ತೋರಿಸಬೇಕೆನಿಸಿತು.

"ಕುಲ್ಸುಮಕ್ಕ" ಎಂದಳು. "ನೀ ಎಲ್ಲಾ ಗೊತ್ತಾಗಿನೂ ನನ್ನ ಪರ ಹೇಳಿದೆಲ್ಲ."

ಕುಲ್ಸುಮಬಿ ಕುಳಿತುಕೊಳ್ಳಲಿಲ್ಲ. "ನನಗ ಮೊದಲ ಗೊತ್ತಿತ್ತು, ಕೊಟ್ರಪ್ಪ ಹೇಳಿದ್ದ" ಎಂದಳು. "ನಿನ್ನ ಖೋಲಿ ಬರಕೊಂಡ್ರ ಬಾಜೂಕ ಯಾರದ ಐತಿ ಅಂತಾನೂ ಬರಕೋಬೇಕು ಅವರು. ನನ್ನ ಹೆಸರು ಅಲ್ಲಿ ಬೀಳಲೇಬೇಕು. ನೀ ಒಳಗ ಹೋಗಿ ಏನ ಬೇಕಾದ ಬೊಗಳು, ನನ್ನ ಹೆಸರಂತೂ ಬಿದ್ದಿರತಿತ್ತು. ಅದಕ್ಕ ಹೇಳಿದೆ. ನನ್ನ ಲೆಕ್ಕಾ ನನಗಿತ್ತು." ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು, ಪ್ರೇಮವ್ವನ ಮುಖವನ್ನು, ಕಣ್ಣನ್ನು, ಕೈಯನ್ನು ಒಂದೊಂದಾಗಿ ನೋಡಿದಳು. "ನಿನ್ನ ಲೆಕ್ಕಾ ಏನು, ಅದನ್ನ ಹೇಳ. ನಂದು ಆತು, ನಿಂದು ಹೋತು. ಇದ್ರಾಗ ನಿನಗೇನ ಬರತೈತಿ? ಯಾರ ಹೇಳಿಕೊಟ್ರು ನಿನಗ, ರಾಯರೇನು?"

ಏನಾದರೂ ಇದ್ದೇ ಇರಬೇಕು ಎಂದು ಪ್ರೇಮವ್ವನಿಗೂ ಅನಿಸಿತು. ಒಳಗೆಲ್ಲ ಹುಡುಕಿದಳು, ಅಳಿಯನ ಪಡಸಾಲೆಯನ್ನೂ ಬಿಡದೆ ಹುಡುಕಿದಳು. ಏನೂ ಸಿಗಲಿಲ್ಲ.

"ಯಾರೂ ಹೇಳಿಕೊಟ್ಟಿಲ್ಲ. ಸುಮ್ಮನ ಹೇಳಿದೆ."

"ಸುಮ್ಮನ" ಎಂದಳು ಕುಲ್ಸುಮಬಿ. ಅವಳು ನಂಬಲಿಲ್ಲ. ನಂಬುವಂಥ ಮಾತೂ ಅದಾಗಿರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಪ್ರೇಮವ್ವನೂ ನಂಬುತ್ತಿರಲಿಲ್ಲ.